ಸಕಲರ ಸ್ವತ್ತಿಗೆ ಕಾವಲಾದ ಗುರು: ಪ್ರಾಧ್ಯಾಪಕ ಜೋಸೆಫ್ ಸ್ಯಾಕ್ಸ್

(ಶತಮಾನೋತ್ಸವ ಉಪನ್ಯಾಸಮಾಲೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವದ ಅಂಗವಾಗಿ ಏರ್ಪಟ್ಟಿರುವ ಈ ಉಪನ್ಯಾಸಮಾಲೆಯಲ್ಲಿ ಒಬ್ಬ ಉತ್ತಮ ಶಿಕ್ಷಕರ ಜೀವನವನ್ನು ಕುರಿತು ನಾವು ಮಾತನಾಡಬೇಕೆಂದು ಉತ್ಸವ ಸಮಿತಿಯವರು ಅಪೇಕ್ಷೆಪಟ್ಟರು. ಸಂತ ಜಾನ್ ಬೋಸ್ಕೊ ಅವರನ್ನೋ, ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾಸಾಲ್ ಅವರನ್ನೋ ಕುರಿತು ನಾವು ಹೇಳುವೆವೆಂದು ಅವರು ಎಣಿಸಿದ್ದಿರಬಹುದು. ಆ ಮಹನೀಯರ ಚರಿತ್ರೆ ನಿಮಗೆ ತಿಳಿದದ್ದೇ. ಆದುದರಿಂದ ಇಂದು ನಾವು, ನಿಮ್ಮಲ್ಲಿ ಬಹುಮಂದಿ ಹೆಸರನ್ನೇ ಕೇಳಿರದ ಒಬ್ಬ ಕಾನೂನು ಪ್ರಾಧ್ಯಾಪಕರನ್ನು ಸ್ಮರಿಸಲು ಬಯಸುತ್ತೇವೆ. ಅವರು ಅಮೆರಿಕ ದೇಶದವರು. ಹೆಸರು ಜೋಸೆಫ್ ಸ್ಯಾಕ್ಸ್. ಅವರು ಸಂತರೂ ಅಲ್ಲ, ಧರ್ಮಶಾಸ್ತ್ರಿಗಳೂ ಅಲ್ಲ. ಆದರೆ ನಮ್ಮ ದೇವಾಲಯದ ಹಿಂದಿರುವ ಕೆರೆಯ ವಿಷಯದಲ್ಲಿ ನಮಗೇನಾದರೂ ಹಕ್ಕುಂಟೇ, ಕರ್ತವ್ಯವುಂಟೇ ಎಂದು ಈ ವರ್ಷ ನಮ್ಮೊಳಗೆ ನಡೆದಿರುವ ಚರ್ಚೆಗೆ ಅವರ ಬದುಕು ಬೆಳಕು ನೀಡಬಲ್ಲುದೆಂದು ನಾವು ನಂಬಿದ್ದೇವೆ.

ಸ್ಯಾಕ್ಸ್ ಅವರು 1936ರ ಫೆಬ್ರವರಿ 3ರಂದು ಷಿಕಾಗೋ ನಗರದಲ್ಲಿ ಜನಿಸಿದರು. 1957ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪದವಿಯನ್ನೂ, 1959ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಕಾನೂನು ಪದವಿಯನ್ನೂ ಪಡೆದು, ಕೆಲವು ವರ್ಷ ವಾಷಿಂಗ್ಟನ್ನಿನಲ್ಲಿ ವೃತ್ತಿ ನಡೆಸಿ, 1962ರಲ್ಲಿ ಕೊಲರಾಡೋ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು. ಕೊಲರಾಡೋ ನೀರಿಗಾಗಿ ನೆರೆಹೊರೆಯವರು ಜಗಳವಾಡುವ ಒಣಸೀಮೆ. ಅಲ್ಲಿ ಅವರು ಕಲಿಸಿದ್ದು ನೀರಿನ ಹಕ್ಕುಗಳಿಗೆ ಸಂಬಂಧಿಸಿದ ಕಾನೂನನ್ನು. ಪರಿಸರ ಕಾನೂನು ಎಂಬ ಪಾಠವಿಷಯವೇ ಆಗ ಇರಲಿಲ್ಲವೆಂಬುದನ್ನು ನೆನಪಿಡಬೇಕು. ಅನಂತರ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಹೋಗಿ ಸುಮಾರು ಇಪ್ಪತ್ತು ವರ್ಷ, 1986ರಿಂದ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಹೀಗೆ ಬದುಕಿನ ಬಹುಭಾಗವನ್ನು ಅವರು ತರಗತಿಯಲ್ಲಿಯೇ ಕಳೆದರು. ನಡುವೆ 1994ರಿಂದ 1996ರವರೆಗೆ ಅಮೆರಿಕ ಸರ್ಕಾರದ ಒಳಾಡಳಿತ ಇಲಾಖೆಯಲ್ಲಿ ಸಲಹೆಗಾರರಾಗಿದ್ದರು. ಆ ದೇಶದಲ್ಲಿ ಈ ಇಲಾಖೆಯದು ಪೋಲೀಸು ವ್ಯವಹಾರವಲ್ಲ. ಸರ್ಕಾರಿ ಭೂಮಿ, ರಾಷ್ಟ್ರೀಯ ಉದ್ಯಾನಗಳ ಪಾಲನೆ. 2007ರಲ್ಲಿ ಜಪಾನಿನ ಬ್ಲೂ ಪ್ಲಾನೆಟ್ ಪ್ರಶಸ್ತಿ ಅವರಿಗೆ ಸಂದಿತು. 2014ರ ಮಾರ್ಚ್ 9ರಂದು ತಮ್ಮ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ನಿಧನರಾದರು.

ಇಷ್ಟೇ ಆಗಿದ್ದರೆ ಅವರು ವಿದ್ವಾಂಸರ ನಡುವಣ ಒಬ್ಬ ವಿದ್ವಾಂಸರಾಗಿ ಉಳಿಯುತ್ತಿದ್ದರು. ಆದರೆ 1970ರಲ್ಲಿ ಮಿಷಿಗನ್ನಿನ ಕಾನೂನು ಪತ್ರಿಕೆಯಲ್ಲಿ ಅವರು ಸುಮಾರು ತೊಂಬತ್ತೈದು ಪುಟಗಳ ಒಂದು ದೀರ್ಘ ಲೇಖನವನ್ನು ಪ್ರಕಟಿಸಿದರು. ಅದರ ವಿಷಯ ಸಾರ್ವಜನಿಕ ನ್ಯಾಸ ತತ್ತ್ವ. ನ್ಯಾಸವೆಂದರೆ ನಂಬಿ ಒಪ್ಪಿಸಿದ ಸ್ವತ್ತು, ಆಡುಮಾತಿನ ಟ್ರಸ್ಟು. ನದಿ, ಸರೋವರ, ಕಡಲತೀರ ಮೊದಲಾದುವು ಸರ್ಕಾರದ ಕೈಯಲ್ಲಿವೆ ನಿಜ. ಆದರೆ ಸರ್ಕಾರವು ಅವುಗಳ ಯಜಮಾನನಲ್ಲ, ಧರ್ಮದರ್ಶಿ. ಪ್ರಜೆಗಳ ಪರವಾಗಿ, ಹುಟ್ಟಲಿರುವ ಪ್ರಜೆಗಳ ಪರವಾಗಿಯೂ, ಅದು ಅವುಗಳನ್ನು ಕಾಯಬೇಕೇ ಹೊರತು ತನಗೆ ಬೇಕಾದವರಿಗೆ ಬರೆದುಕೊಡುವಂತಿಲ್ಲ. ತತ್ತ್ವದ ಸಾರ ಇದು.

ಈ ತತ್ತ್ವವನ್ನು ಅವರು ಹೊಸದಾಗಿ ಸೃಷ್ಟಿಸಿದರೆಂದು ಭಾವಿಸಬಾರದು. ಗುರುಮಂದಿರದಲ್ಲಿ ಧರ್ಮಸಭೆಯ ಕಾನೂನನ್ನು ಅಭ್ಯಾಸ ಮಾಡಿದವರಿಗೆ ರೋಮ್ ಚಕ್ರವರ್ತಿ ಜಸ್ಟಿನಿಯನ್ನನ ಹೆಸರು ಹೊಸದಲ್ಲ. ಕ್ರಿ.ಶ. 533ರ ಆತನ ಕಾನೂನು ಗ್ರಂಥದಲ್ಲಿಯೇ ಗಾಳಿ, ಹರಿವ ನೀರು, ಸಮುದ್ರ, ಸಮುದ್ರತೀರ ಇವು ನಿಸರ್ಗನಿಯಮದ ಮೇರೆಗೆ ಸರ್ವರಿಗೂ ಸೇರಿದವೆಂದು ವಿಧಿಸಲಾಗಿದೆ. ನಮ್ಮ ಹಳ್ಳಿಗಳ ನೀರಗಂಟಿಯನ್ನು ಹಿರಿಯರು ಬಲ್ಲಿರಿ. ಕೆರೆಯ ತೂಬಿನ ಬೀಗ ಅವನ ವಶದಲ್ಲಿರುತ್ತಿತ್ತು. ಆದರೆ ನೀರಿನ ಒಂದು ಬೊಗಸೆಯನ್ನೂ ಅವನು ತನ್ನದೆಂದು ಮಾರುವಂತಿರಲಿಲ್ಲ. ಅಚ್ಚುಕಟ್ಟಿನ ಕಟ್ಟಕಡೆಯ ಗದ್ದೆಗೂ ಸರದಿಯಂತೆ ನೀರು ಬಿಡುವುದು ಅವನ ಹೊಣೆ. ಸುಗ್ಗಿಯಲ್ಲಿ ರೈತರು ಅಳೆದುಕೊಡುವ ಧಾನ್ಯ ಅವನ ಪ್ರತಿಫಲ. ಸರ್ಕಾರವು ಪ್ರಜೆಗಳ ನೀರಗಂಟಿ ಎಂದರೆ ಸ್ಯಾಕ್ಸ್ ಅವರ ಸಿದ್ಧಾಂತವನ್ನು ನಮ್ಮ ಮಾತಿನಲ್ಲಿ ಹೇಳಿದಂತಾಯಿತು.

ಅವರು ಮುಖ್ಯ ಆಧಾರವಾಗಿ ಎತ್ತಿಕೊಂಡ ತೀರ್ಪು ಅವರ ಹುಟ್ಟೂರಿಗೇ ಸಂಬಂಧಪಟ್ಟದ್ದು. 1869ರಲ್ಲಿ ಇಲಿನಾಯ್ ಸಂಸ್ಥಾನದ ಶಾಸನಸಭೆಯು ಷಿಕಾಗೋ ಬಂದರಿನ ಮುಂದಿರುವ ಮಿಷಿಗನ್ ಸರೋವರದ ತಳಭೂಮಿಯನ್ನು, ಸಾವಿರ ಎಕರೆಗೂ ಮಿಗಿಲಾದುದನ್ನು, ಒಂದು ರೈಲ್ವೆ ಕಂಪೆನಿಗೆ ಕೊಟ್ಟುಬಿಟ್ಟಿತು. ನಾಲ್ಕು ವರ್ಷದ ಮೇಲೆ, 1873ರಲ್ಲಿ, ಬುದ್ಧಿ ತಿಳಿದು ಆ ದಾನವನ್ನು ರದ್ದು ಮಾಡಿತು. ವಿವಾದವು ನ್ಯಾಯಾಲಯಕ್ಕೆ ಹೋಯಿತು. 1892ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ಇಂಥ ಸ್ವತ್ತು ಸರ್ಕಾರದ ವಶದಲ್ಲಿರುವುದು ಜನರ ಸಲುವಾಗಿ, ಅದನ್ನು ಹೀಗೆ ಸಗಟಾಗಿ ಬಿಟ್ಟುಕೊಡುವ ಅಧಿಕಾರ ಶಾಸನಸಭೆಗೂ ಇಲ್ಲ ಎಂದು ನಿರ್ಣಯಿಸಿತು. ಮುಂದೆ ಎಂಬತ್ತು ವರ್ಷಗಳ ಕಾಲ ಈ ತೀರ್ಪು ಹಳೆಯ ಪುಸ್ತಕಗಳಲ್ಲಿ ಹೆಚ್ಚುಕಡಿಮೆ ನಿದ್ರಿಸುತ್ತಿತ್ತು. ಸ್ಯಾಕ್ಸ್ ಅವರು ಅದನ್ನು ಎಬ್ಬಿಸಿದರು.

ಅವರ ಲೇಖನದಲ್ಲಿ ನಮಗೆ ಬಹಳ ಹಿಡಿಸಿದ ಪ್ರಸಂಗ ಇನ್ನೊಂದು. ಮೆಸಚೂಸೆಟ್ಸ್ ಸಂಸ್ಥಾನದಲ್ಲಿ ಗ್ರೇಲಾಕ್ ಎಂಬುದು ಅತ್ಯುನ್ನತ ಶಿಖರ. 1898ರಿಂದ ಅದು ಸಾರ್ವಜನಿಕರಿಗಾಗಿ ಕಾದಿರಿಸಿದ ಅರಣ್ಯ. ಅದನ್ನು ನೋಡಿಕೊಳ್ಳಲು ನೇಮಕಗೊಂಡಿದ್ದ ಮಂಡಲಿಯೇ ಅದರ ನಾಲ್ಕು ಸಾವಿರ ಎಕರೆಯನ್ನು ತಂತಿಮಾರ್ಗ ಹಾಗೂ ಹಿಮಕ್ರೀಡೆಯ ಕೇಂದ್ರ ಕಟ್ಟಲು ಗೇಣಿಗೆ ಕೊಟ್ಟಿತು. ಲಾಭದಲ್ಲಿ ಖಾಸಗಿಯವರಿಗೂ ಪಾಲಿತ್ತು. ಆ ಜಿಲ್ಲೆಯ ಐದು ಮಂದಿ ನಾಗರಿಕರು ಇದನ್ನು ಪ್ರಶ್ನಿಸಿದರು. ಕೇವಲ ಐದು ಮಂದಿ! 1966ರಲ್ಲಿ ನ್ಯಾಯಾಲಯವು ಗೇಣಿಯನ್ನು ಅಸಿಂಧುಗೊಳಿಸಿತು.

ಇಲ್ಲಿ ಸ್ಯಾಕ್ಸ್ ಅವರ ಮನೋಧರ್ಮವನ್ನು ಗಮನಿಸಬೇಕು. ಅಧಿಕಾರಿಗಳೆಲ್ಲ ದುಷ್ಟರೆಂದು ಅವರು ವಾದಿಸಲಿಲ್ಲ. ಅಧಿಕಾರಿಯ ಮೇಜಿನ ಮುಂದೆ ದಿನನಿತ್ಯ ಬಂದು ಕೂರುವವರು ಯಾರು? ಗುತ್ತಿಗೆ ಬಯಸುವವರು, ಪರವಾನಗಿ ಬೇಡುವವರು. ನಷ್ಟವಾಗುವುದು ಸಾವಿರಾರು ಜನಕ್ಕೆ. ಆದರೆ ಒಬ್ಬೊಬ್ಬರಿಗೂ ಆಗುವ ನಷ್ಟ ಅಲ್ಪವಾದುದರಿಂದ ಯಾರೂ ತಮ್ಮ ಕೆಲಸ ಬಿಟ್ಟು ಬರುವುದಿಲ್ಲ. ಹೀಗೆ ಬಾಗಿಲ ಹಿಂದೆ, ಕಡತದೊಳಗೆ, ಬಹುಜನರ ಸ್ವತ್ತು ಕೆಲವರ ಪಾಲಾಗುತ್ತದೆ. ನ್ಯಾಯಾಧೀಶರು ಅಧಿಕಾರಿಗಳಿಗಿಂತ ಜ್ಞಾನಿಗಳೆಂದೂ ಅವರು ಹೇಳಲಿಲ್ಲ. ಜನರ ಸ್ವತ್ತನ್ನು ಕೊಡಲೇಬೇಕೆಂದಿದ್ದರೆ ಜನಪ್ರತಿನಿಧಿಗಳು ಬಹಿರಂಗವಾಗಿ, ಕಾರಣ ಹೇಳಿ, ಹೆಸರು ಹಾಕಿ ಕೊಡಲಿ. ಕತ್ತಲಲ್ಲಿ ಆದ ನಿರ್ಧಾರವನ್ನು ನ್ಯಾಯಾಲಯ ಬೆಳಕಿಗೆ ತಿರುಗಿ ಕಳುಹಿಸಲಿ ಎಂಬುದಷ್ಟೇ ಅವರ ಬೇಡಿಕೆ. ಮನುಷ್ಯ ಸ್ವಭಾವವನ್ನು ಹತ್ತಿರದಿಂದ ಕಂಡವರ ಮಾತಿದು. ಪಾಪಸಂಕೀರ್ತನೆಯ ಪೀಠದಲ್ಲಿ ನಾಲ್ಕು ದಶಕ ಕುಳಿತ ಯಾಜಕರಿಗೂ ಇದು ಅಪರಿಚಿತ ಸತ್ಯವಲ್ಲ: ಅನ್ಯಾಯದ ಬಹುಪಾಲು ನಡೆಯುವುದು ದ್ವೇಷದಿಂದಲ್ಲ, ಯಾರೂ ಕೇಳದಿರುವುದರಿಂದ.

ಆದುದರಿಂದಲೇ, ಸ್ವತ್ತು ಸಕಲರದು ಎಂದು ಸಾರಿ ಅವರು ಸುಮ್ಮನಾಗಲಿಲ್ಲ. ಕೇಳುವ ಹಕ್ಕು ಯಾರದು ಎಂಬುದು ಅವರ ಎರಡನೆಯ ಪ್ರಶ್ನೆ. ಅಂದಿನ ನ್ಯಾಯಪದ್ಧತಿಯಲ್ಲಿ ಸ್ವಂತ ಹೊಲಕ್ಕೋ, ಸ್ವಂತ ಶರೀರಕ್ಕೋ ಹಾನಿ ತಟ್ಟಿದವನು ಮಾತ್ರ ದಾವೆ ಹೂಡಬಹುದಾಗಿತ್ತು. ನದಿ ಕೆಟ್ಟರೆ ಯಾರ ಸ್ವಂತದ್ದು ಕೆಟ್ಟಿತು? ಓಹಿಯೋ ಸಂಸ್ಥಾನದ ಕಯಹೋಗ ನದಿಯಂತೂ ಎಣ್ಣೆ ಕಸದಿಂದ ತುಂಬಿ 1969ರಲ್ಲಿ ಬೆಂಕಿಯನ್ನೇ ಹಿಡಿಯಿತು. ಅದೇ ಸುಮಾರಿಗೆ ಪಶ್ಚಿಮ ಮಿಷಿಗನ್ನಿನ ಪರಿಸರ ಸಂಘವೊಂದರ ಕೋರಿಕೆಯ ಮೇರೆಗೆ ಸ್ಯಾಕ್ಸ್ ಅವರು ಒಂದು ಕಿರಿದಾದ ಮಸೂದೆಯನ್ನು ರಚಿಸಿಕೊಟ್ಟರು. ರಾಜ್ಯಪಾಲ ಮಿಲ್ಲಿಕೆನ್ ಅವರ ಅಂಕಿತ ಬಿದ್ದು ಅದು 1970ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಅದರ ಪ್ರಕಾರ ಯಾವ ವ್ಯಕ್ತಿಯೇ ಆಗಲಿ, ಗಾಳಿ ನೀರು ಮೊದಲಾದ ನಿಸರ್ಗ ಸಂಪತ್ತಿನ ರಕ್ಷಣೆಗಾಗಿ ನ್ಯಾಯಾಲಯದ ಕದ ತಟ್ಟಬಹುದು. ಹಾನಿಯಾಗುತ್ತಿದೆಯೆಂದು ಆತನು ಮೇಲ್ನೋಟಕ್ಕೆ ತೋರಿಸಿಕೊಟ್ಟರೆ, ಬೇರೆ ಸಾಧ್ಯವಾದ ದಾರಿಯಿರಲಿಲ್ಲವೆಂದು ತೋರಿಸುವ ಭಾರ ಪ್ರತಿವಾದಿಯ ಮೇಲೆ ಬೀಳುತ್ತದೆ. ಆ ದೇಶದಲ್ಲಿ ಇಂಥ ಕಾನೂನು ಅದೇ ಮೊದಲನೆಯದು. ಮರುವರ್ಷ, 1971ರಲ್ಲಿ, ಸಾಮಾನ್ಯ ಓದುಗರಿಗಾಗಿ ಇದೇ ವಿಷಯವನ್ನು ಕುರಿತು ಅವರು ಒಂದು ಪುಸ್ತಕವನ್ನೂ ಬರೆದರು. ಗುರುವಾದವನು ತನ್ನ ವಿದ್ಯೆಯನ್ನು ತರಗತಿಯ ಗೋಡೆಯಾಚೆಗೂ ಹಂಚಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

1980ರಲ್ಲಿ ಹೊರಬಂದ ಅವರ ಇನ್ನೊಂದು ಪುಸ್ತಕ ರಾಷ್ಟ್ರೀಯ ಉದ್ಯಾನಗಳನ್ನು ಕುರಿತದ್ದು. ಬೆಟ್ಟಕಾಡುಗಳನ್ನು ಸಂತೆಯ ವಿನೋದಗಳಿಂದ ತುಂಬದೆ, ಮನುಷ್ಯನು ತನ್ನ ಪಾಡಿಗೆ ತಾನು ನಡೆದು ಮನನ ಮಾಡುವ ತಾಣಗಳನ್ನಾಗಿ ಉಳಿಸಬೇಕೆಂದು ಅವರು ಅಲ್ಲಿ ಬಯಸುತ್ತಾರೆ. ಇದು ಉಳ್ಳವರ ಅಭಿರುಚಿಯೆಂದು ಆಕ್ಷೇಪಿಸಿದವರುಂಟು. ಧ್ಯಾನಕೂಟಗಳಿಗೆ ಹೋಗಿಬಂದ ನಮಗೆ ಹಾಗೆ ಅನ್ನಿಸುವುದಿಲ್ಲ. ಮೌನವು ಬಡವನಿಗೂ ಬೇಕು.

ತತ್ತ್ವವೊಂದು ಕಾಗದದಿಂದ ನೆಲಕ್ಕೆ ಇಳಿಯುವ ಬಗೆಗೆ ಕ್ಯಾಲಿಫೋರ್ನಿಯಾದ ಮೋನೊ ಸರೋವರ ಸಾಕ್ಷಿ. ಲಾಸ್ ಏಂಜಲೀಸ್ ನಗರವು 1941ರಿಂದ ಆ ಸರೋವರಕ್ಕೆ ಹರಿದುಬರುತ್ತಿದ್ದ ನಾಲ್ಕು ಹೊಳೆಗಳ ನೀರನ್ನು ತಿರುಗಿಸಿಕೊಂಡಿತು. ನಾಲ್ಕು ದಶಕಗಳಲ್ಲಿ ಸರೋವರವು ಸುಮಾರು ನಲವತ್ತೈದು ಅಡಿ ಕುಸಿದು, ಗಾತ್ರ ಅರ್ಧವಾಗಿ, ಉಪ್ಪು ಇಮ್ಮಡಿಯಾಯಿತು. ಕಡಲಹಕ್ಕಿಗಳು ಮೊಟ್ಟೆಯಿಡುತ್ತಿದ್ದ ದ್ವೀಪಕ್ಕೆ ನೆಲದ ಸೇತುವೆ ಏರ್ಪಟ್ಟು, 1979ರಲ್ಲಿ ತೋಳದ ಜಾತಿಯ ಕಯೋಟಿಗಳು ಒಳನುಗ್ಗಿ ಗೂಡುಗಳನ್ನು ಹಾಳುಮಾಡಿದವು. 1983ರಲ್ಲಿ ಆ ಸಂಸ್ಥಾನದ ಶ್ರೇಷ್ಠ ನ್ಯಾಯಾಲಯವು ಸ್ಯಾಕ್ಸ್ ಅವರ ಲೇಖನವನ್ನು ಆಧರಿಸಿ, ನೀರಿನ ಹಕ್ಕನ್ನು ಒಮ್ಮೆ ಕೊಟ್ಟ ಮಾತ್ರಕ್ಕೆ ಸರ್ಕಾರದ ಕಾವಲು ಮುಗಿಯುವುದಿಲ್ಲ, ಅದು ನಿರಂತರವಾದುದು ಎಂದಿತು. ನಗರದ ಜನ ಬಾಯಾರಲಿ ಎಂದು ಅದು ಹೇಳಲಿಲ್ಲ. ಎರಡನ್ನೂ ತೂಗಿ ನೋಡಿ ಎಂದಿತು. 1994ರಲ್ಲಿ ಸರೋವರದ ಮಟ್ಟ ಸಮುದ್ರದ ಮೇಲೆ 6,392 ಅಡಿ ಇರತಕ್ಕದ್ದೆಂದು ನಿಗದಿಯಾಯಿತು. ಮೂವತ್ತು ವರ್ಷ ಕಳೆದು 2024 ಬಂದರೂ ನೀರು ಆ ಮಟ್ಟವನ್ನು ಮುಟ್ಟಿರಲಿಲ್ಲ. ಗೆದ್ದ ಮೊಕದ್ದಮೆಯೂ ಇಷ್ಟು ನಿಧಾನವೆಂಬುದನ್ನು ನಿಮ್ಮಿಂದ ಮರೆಮಾಚುವುದು ಸರಿಯಲ್ಲ.

ಇನ್ನು ನಮ್ಮ ದೇಶದ ಮಾತು. ಹಿಮಾಚಲ ಪ್ರದೇಶದ ಕುಲ್ಲು ಮನಾಲಿ ಕಣಿವೆಯಲ್ಲಿ ಬಿಯಾಸ್ ನದಿಯ ದಂಡೆಯ ಮೇಲಿನ ಒಂದು ವಸತಿಗೃಹದವರು ಕಾಡು ಮತ್ತು ನದೀಪಾತ್ರದ ಭೂಮಿಯನ್ನು ಸೇರಿಸಿಕೊಂಡು, 1995ರ ಪ್ರವಾಹದ ತರುವಾಯ ತಮ್ಮ ಕಟ್ಟಡದ ರಕ್ಷಣೆಗಾಗಿ ಯಂತ್ರಗಳಿಂದ ನದಿಯ ಹರಿವನ್ನೇ ತಿರುಗಿಸಹೊರಟರು. ವೃತ್ತಪತ್ರಿಕೆಯ ವರದಿಯನ್ನು ಕಂಡ ನಮ್ಮ ಸರ್ವೋಚ್ಚ ನ್ಯಾಯಾಲಯವು ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. 1996ರ ಡಿಸೆಂಬರ್ 13ರ ತೀರ್ಪಿನಲ್ಲಿ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರು ಸ್ಯಾಕ್ಸ್ ಅವರ ವಿಚಾರಗಳನ್ನು ವಿಸ್ತಾರವಾಗಿ ಉದ್ಧರಿಸಿ, ಸಾರ್ವಜನಿಕ ನ್ಯಾಸ ತತ್ತ್ವವು ಈ ನೆಲದ ಕಾನೂನಾಗಿದೆಯೆಂದು ಘೋಷಿಸಿ, ಗೇಣಿಯ ಮಂಜೂರಾತಿಯನ್ನು ರದ್ದುಗೊಳಿಸಿದರು. ಷಿಕಾಗೋದ ಸರೋವರದ ತೀರದಿಂದ ಹೊರಟ ವಿಚಾರವು ಹೀಗೆ ಹಿಮಾಲಯದ ನದಿಯನ್ನು ಕಾಯಿತು.

ಹಾಗೆಂದು ಎಲ್ಲ ಕೀರ್ತಿಯನ್ನೂ ಹೊರನಾಡಿನವರಿಗೆ ಸಲ್ಲಿಸಬೇಕಾಗಿಲ್ಲ. ಅದಕ್ಕೂ ಮುಂಚೆ, 1980ರಲ್ಲಿ, ರತ್ಲಾಂ ಪಟ್ಟಣದ ನಿವಾಸಿಗಳು ತೆರೆದ ಚರಂಡಿಯ ದುರ್ವಾಸನೆ ತಾಳಲಾರದೆ ಹೂಡಿದ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಹಣವಿಲ್ಲವೆಂಬ ಪುರಸಭೆಯ ನೆಪವನ್ನು ಮನ್ನಿಸಲಿಲ್ಲ. ಬೆಂಗಳೂರಿನ ಒಂದು ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ, ಸುತ್ತಲ ನಿವಾಸಿಗಳು ಎದ್ದುನಿಂತರು. ನಮ್ಮ ಉಚ್ಚ ನ್ಯಾಯಾಲಯವೂ, 1991ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅವರ ಪಕ್ಷವನ್ನು ಎತ್ತಿಹಿಡಿದವು. ಆಸ್ಪತ್ರೆ ಒಳ್ಳೆಯದಲ್ಲವೇ ಎಂದು ಕೇಳಬಹುದು. ಒಳ್ಳೆಯದೇ, ಆದರೆ ಮಕ್ಕಳ ಆಟದ ಬಯಲನ್ನು ಅವರ ಮನೆಯವರನ್ನು ಕೇಳದೆ ಕಿತ್ತುಕೊಂಡು ಕಟ್ಟುವ ಒಳಿತಿಗೆ ನ್ಯಾಯದ ಬೆಂಬಲವಿಲ್ಲ. ಬೆಂಗಳೂರಿನ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಡುವುದರ ವಿರುದ್ಧ 2008ರಲ್ಲಿ ಅರ್ಜಿ ಬಂದಾಗ, ಉಚ್ಚ ನ್ಯಾಯಾಲಯವು 2010ರಲ್ಲಿ ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ರಚಿಸಿತು. 2011ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಪಂಜಾಬಿನ ಒಂದು ಹಳ್ಳಿಯ ಕೊಳದ ಪ್ರಕರಣದಲ್ಲಿ, ದೇಶದ ಎಲ್ಲ ರಾಜ್ಯಗಳೂ ಗ್ರಾಮಗಳ ಸಾಮೂಹಿಕ ಭೂಮಿಯ ಒತ್ತುವರಿಯನ್ನು ತೆರವುಗೊಳಿಸಬೇಕೆಂದು ಆಜ್ಞಾಪಿಸಿತು. ಕೆರೆ, ಗೋಮಾಳ, ಗುಂಡುತೋಪುಗಳ ಹಳ್ಳಿಯವರಾದ ನಮಗೆ ಇದು ದೂರದ ಸುದ್ದಿಯಲ್ಲ.

ಒಂದು ಎಚ್ಚರದ ಮಾತನ್ನು ಇಲ್ಲಿ ಸೇರಿಸಬೇಕು. ಸಾರ್ವಜನಿಕರ ಹೆಸರಿನಲ್ಲಿ ಮೊದಲು ಎತ್ತಂಗಡಿಯಾಗುವುದು ಅನೇಕ ವೇಳೆ ಬಡವನ ಗುಡಿಸಲು. ದೊಡ್ಡವನ ಗೋಡೆ ನಕ್ಷೆಯಲ್ಲಿಯೇ ಸಕ್ರಮವಾಗಿರುತ್ತದೆ. ಧರ್ಮದರ್ಶಿಯಾದ ಸರ್ಕಾರವು ಕಾಡಿನ ಮಕ್ಕಳನ್ನೂ ಬೆಸ್ತರನ್ನೂ ಹೊರದೂಡಲು ಇದೇ ತತ್ತ್ವವನ್ನು ಬಳಸಿದರೆ ಅದು ನ್ಯಾಸವಲ್ಲ, ಒಡೆತನದ ಹೊಸ ವೇಷ. ನ್ಯಾಸದ ಫಲಾನುಭವಿಗಳಲ್ಲಿ ಅವರೇ ಮೊದಲಿಗರಲ್ಲವೇ?

ಪ್ರಿಯರೇ, ಈ ವಿಚಾರ ನಮ್ಮ ಧರ್ಮಸಭೆಗೆ ಅನ್ಯವಾದುದಲ್ಲ. ಮನುಷ್ಯನು ವಸ್ತುಗಳನ್ನು ಸ್ವಂತವಾಗಿ ಸಂಪಾದಿಸಿ ನಿರ್ವಹಿಸಬಹುದು, ಆದರೆ ಬಳಕೆಯಲ್ಲಿ ಅವನ್ನು ಸಕಲರದೆಂದೇ ಭಾವಿಸಬೇಕೆಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದರು. ಭೂಮಿಯ ಸಂಪತ್ತು ಸರ್ವ ಮಾನವರಿಗಾಗಿ ಎಂಬುದನ್ನು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಪುನಃ ಸಾರಿತು. ಸ್ಯಾಕ್ಸ್ ಅವರು ತೀರಿಕೊಂಡ ಮರುವರ್ಷ, 2015ರಲ್ಲಿ, ಜಗದ್ಗುರು ಫ್ರಾನ್ಸಿಸರು ‘ಲೌದಾತೋ ಸೀ’ ವಿಶ್ವಪರಿಪತ್ರದಲ್ಲಿ, ನಾಗರಿಕರು ಅಧಿಕಾರವನ್ನು ಹತೋಟಿಯಲ್ಲಿಡದೆ ಪರಿಸರದ ಹಾನಿಯನ್ನು ತಡೆಯಲಾಗದೆಂದು ನೇರವಾಗಿಯೇ ಹೇಳಿದರು. ಪ್ರವಾದಿ ಎಝೆಕಿಯೇಲನ ಗ್ರಂಥದ ಮೂವತ್ತನಾಲ್ಕನೆಯ ಅಧ್ಯಾಯವನ್ನು ಮನೆಯಲ್ಲಿ ಓದಿ ನೋಡಿ: ತಾವು ತಿಳಿನೀರನ್ನು ಕುಡಿದು, ಉಳಿದುದನ್ನು ಕಾಲಿಂದ ಕಲಕಿ ಬೇರೆ ಕುರಿಗಳಿಗೆ ಬಿಡುವ ಕೊಬ್ಬಿದ ಕುರಿಗಳನ್ನು ದೇವರು ಅಲ್ಲಿ ವಿಚಾರಣೆಗೆ ಕರೆಯುತ್ತಾರೆ.

ನಮ್ಮ ಈ ದೇವಾಲಯದ ಸ್ಥಿತಿಯೇ ಏನು? ಧರ್ಮಕೇಂದ್ರದ ಗುರುವು ಇದರ ಒಡೆಯನಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಆತನು ಒಳ್ಳೆಯ ಗೃಹಸ್ಥನಂತೆ ಸ್ವತ್ತನ್ನು ನೋಡಿಕೊಳ್ಳಬೇಕು. ಭಕ್ತರು ಕೊಟ್ಟುದಕ್ಕೆ ಭಕ್ತರಿಗೆ ಲೆಕ್ಕ ಒಪ್ಪಿಸಬೇಕು. ಇಂದು ನಾವಿದ್ದೇವೆ, ನಾಳೆ ಮೇತ್ರಾಣಿಗಳ ಆಜ್ಞೆ ಬಂದರೆ ಪೆಟ್ಟಿಗೆ ಕಟ್ಟುತ್ತೇವೆ. ಗಂಟೆಗೋಪುರವೂ ಸಮಾಧಿಭೂಮಿಯೂ ನಿಮ್ಮ ಮೊಮ್ಮಕ್ಕಳಿಗಾಗಿ ಇಲ್ಲಿಯೇ ಉಳಿಯುತ್ತವೆ. ವಾರ್ಷಿಕ ಲೆಕ್ಕಪತ್ರ ಓದುವಾಗ ನೀವು ಎದ್ದುನಿಂತು ಪ್ರಶ್ನೆ ಕೇಳುತ್ತೀರಿ. ಕೆಲವರು ಸ್ವಲ್ಪ ಹೆಚ್ಚಾಗಿಯೇ ಕೇಳುತ್ತೀರಿ. ಅದು ನಿಮ್ಮ ಹಕ್ಕು. ಅದೇ ಹಕ್ಕನ್ನು ಗೋಡೆಯಾಚೆಯ ಕೆರೆಯ ವಿಷಯದಲ್ಲಿ ಚಲಾಯಿಸಲು ನಾವೇಕೆ ಹಿಂಜರಿಯಬೇಕು?

“ಕೆರೆ ಚರ್ಚಿನದಲ್ಲವಲ್ಲ, ಸ್ವಾಮಿ, ನಮಗೇಕೆ ಊರ ಉಸಾಬರಿ?” ಎಂದು ಹಿರಿಯರೊಬ್ಬರು ಪಾಲನಾ ಸಭೆಯಲ್ಲಿ ಕೇಳಿದರು. ಪ್ರಾಮಾಣಿಕವಾದ ಪ್ರಶ್ನೆಯೇ. ನಾವು ಅಲ್ಪಸಂಖ್ಯಾತರು, ವಿರೋಧ ಕಟ್ಟಿಕೊಳ್ಳುವುದು ಬೇಡವೆಂಬ ಅಂಜಿಕೆಯೂ ಅದರಲ್ಲಿತ್ತು. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಕೆರೆ ಚರ್ಚಿನದಲ್ಲವೆಂಬುದು ಎಷ್ಟು ನಿಜವೋ, ಏರಿಯ ಪಕ್ಕ ರಾತ್ರಿಹೊತ್ತು ಮಣ್ಣು ಸುರಿಯುವವರದೂ ಅಲ್ಲವೆಂಬುದು ಅಷ್ಟೇ ನಿಜ. ನೂರು ವರ್ಷದ ಹಿಂದೆ ಈ ದೇವಾಲಯವನ್ನು ಕಟ್ಟಿದವರು ಗಾರೆ ಕಲಸಿದ್ದು ಆ ನೀರಿನಿಂದ. ಊರಿನವರು ಆಗ ಅವರಿಗೆ ಬೇಡವೆನ್ನಲಿಲ್ಲ. ಕೆರೆಯಾಚೆಯ ಕೇರಿಗಳ ನೆರೆಯವರು ಈಗ ನಮ್ಮ ಜೊತೆ ಸಹಿ ಹಾಕಲು ಸಿದ್ಧರಿದ್ದಾರೆ. ಇದು ಒಂದು ಜಾತಿಯ, ಒಂದು ಮತದ ಅರ್ಜಿಯಲ್ಲ.

ಕೆರೆಯ ಎಲ್ಲೆಯನ್ನು ಅಳೆದು ಗುರುತು ಕಲ್ಲು ನೆಡಬೇಕು, ಕೋಡಿಯ ಹಳ್ಳವನ್ನು ತೆರವು ಮಾಡಬೇಕು, ಬಡಾವಣೆಗಳ ಕೊಳಚೆಯನ್ನು ಒಳಗೆ ಬಿಡಬಾರದು, ಅಂಚಿನಲ್ಲಿ ವಾಸವಿರುವ ಕೂಲಿ ಕುಟುಂಬಗಳಿಗೆ ಬದಲಿ ನೆಲೆ ಕೊಡದೆ ಎಬ್ಬಿಸಬಾರದು: ಅರ್ಜಿಯಲ್ಲಿರುವುದು ಈ ನಾಲ್ಕೇ ಬೇಡಿಕೆ. ಹಳೆಯ ಗ್ರಾಮನಕ್ಷೆಯ ಪ್ರತಿಯನ್ನು ತರಿಸಿದ್ದೇವೆ. ಆದರೆ ಕೋಡಿಯ ಹಳ್ಳ ಎಲ್ಲಿ ಹರಿಯುತ್ತಿತ್ತೆಂಬುದು ಅದರಲ್ಲಿ ಮಸುಕಾಗಿದೆ. ಎಪ್ಪತ್ತು ದಾಟಿದ ಹಿರಿಯರು, ಆ ಹಳ್ಳದಲ್ಲಿ ಮೀನು ಹಿಡಿದವರು, ಬಟ್ಟೆ ಒಗೆದವರು, ಬರುವ ಭಾನುವಾರ ಎರಡನೆಯ ಬಲಿಪೂಜೆಯ ನಂತರ ಗುರುನಿವಾಸದ ಜಗಲಿಗೆ ದಯಮಾಡಿಸಿ ತಮಗೆ ನೆನಪಿರುವಷ್ಟನ್ನು ಹೇಳಿ ಬರೆಸಬೇಕು. ನಕ್ಷೆಯೂ ಅರ್ಜಿಯೂ ಮೇಜಿನ ಮೇಲಿರುತ್ತವೆ.